ಪೋಷಕವನ್ನು ತಡೆದು ರೋಗವನ್ನು ಮಣಿಸುವ ಬಗೆ

ದೇಹಕ್ಕೆ ಅತ್ಯಲ್ಪ ಪ್ರಮಾಣದಲ್ಲಿ ಸಾಕಾದರೂ ಇಲ್ಲದೆ ನಡೆಯದ ಜೀವಸತ್ವಗಳನ್ನೂ ಖನಿಜಗಳನ್ನೂ ಸೂಕ್ಷ್ಮ ಪೋಷಕಾಂಶಗಳೆಂದು ಕರೆಯುತ್ತೇವೆ. ಇವು ಆರೋಗ್ಯವಂತ ಕೋಶಕ್ಕೆ ಬೇಕಾಗುವಂತೆಯೇ ಕ್ಯಾನ್ಸರ್ ಕೋಶಕ್ಕೂ ಬೇಕು. ಹಾಗಾದರೆ ಇವುಗಳ ಬಳಕೆಯನ್ನೇ ತಡೆದು ರೋಗವನ್ನು ಹಿಮ್ಮೆಟ್ಟಿಸಬಹುದೇ? ಈ ಪ್ರಶ್ನೆಗೆ ಉತ್ತರವನ್ನು ಫೋಲಿಕ್ ಆಮ್ಲದ ಇತಿಹಾಸದಲ್ಲಿ ಕಾಣಬಹುದು.

ಫೋಲಿಕ್ ಎಂಬ ಹೆಸರು ‘ಎಲೆ’ ಎಂಬರ್ಥದ ಲ್ಯಾಟಿನ್ ಪದದಿಂದ ಬಂದುದು. 1941ರಲ್ಲಿ ಪಾಲಕ್ ಸೊಪ್ಪಿನಿಂದ ಬೇರ್ಪಡಿಸಿದವರು ಇದಕ್ಕೆ ಆ ಹೆಸರಿಟ್ಟರು. ದೇಹದಲ್ಲಿ ಡೈಹೈಡ್ರೊಫೋಲೇಟ್ ರಿಡಕ್ಟೇಸ್ ಎಂಬ ಕಿಣ್ವವು ಇದನ್ನು ಟೆಟ್ರಾಹೈಡ್ರೊಫೋಲೇಟ್ ಆಗಿ ಮಾರ್ಪಡಿಸುತ್ತದೆ. ಈ ರೂಪವು ಒಂದೊಂದೇ ಇಂಗಾಲದ ಪರಮಾಣುವನ್ನು ಹೊತ್ತೊಯ್ದು ಡಿಎನ್‌ಎ ಘಟಕಗಳ ರಚನೆಗೆ ಒದಗಿಸುತ್ತದೆ. ಹೊಸ ಡಿಎನ್‌ಎ ಸಿದ್ಧವಾಗದೆ ಕೋಶವು ವಿಭಜನೆಯಾಗದು.

ಬೋಸ್ಟನ್ನಿನ ವೈದ್ಯ ಸಿಡ್ನಿ ಫಾರ್ಬರ್ ಅವರು ರಕ್ತದ ಕ್ಯಾನ್ಸರಿಗೆ ತುತ್ತಾದ ಮಕ್ಕಳಿಗೆ ಫೋಲಿಕ್ ಆಮ್ಲದ ಸಂಯುಕ್ತಗಳನ್ನು ಕೊಟ್ಟಾಗ ರೋಗವು ಇನ್ನಷ್ಟು ಬಲಿತಂತೆ ಕಂಡಿತು. ಕೊಟ್ಟರೆ ಬೆಳೆಯುವ ರೋಗ ತಡೆದರೆ ತಗ್ಗಬೇಕಲ್ಲವೆ? ಆಂಧ್ರದ ಭೀಮವರಂನಲ್ಲಿ ಜನಿಸಿದ ಯಲ್ಲಾಪ್ರಗಡ ಸುಬ್ಬರಾವ್ ಅವರ ಮುಂದಾಳ್ತನದಲ್ಲಿ ಅಮೆರಿಕದ ಲೆಡರ್ಲೆ ಪ್ರಯೋಗಾಲಯವು ಫೋಲಿಕ್ ಆಮ್ಲವನ್ನೇ ಹೋಲುವ ಅಮಿನೊಪ್ಟರಿನ್ ಎಂಬ ವಸ್ತುವನ್ನು ಒದಗಿಸಿತು. ಕಿಣ್ವವು ಅದನ್ನು ಹಿಡಿದುಕೊಂಡು ತನ್ನ ಕೆಲಸವನ್ನು ಮಾಡಲಾರದಾಗುತ್ತದೆ. 1948ರಲ್ಲಿ ಪ್ರಕಟವಾದ ವರದಿಯಂತೆ 16 ಮಕ್ಕಳಲ್ಲಿ 10 ಮಂದಿ ಚೇತರಿಕೆ ತೋರಿದರು. ಅದು ತಾತ್ಕಾಲಿಕವಾಗಿತ್ತು, ಆದರೂ ಔಷಧಿಯೇ ಇಲ್ಲವೆಂದುಕೊಂಡಿದ್ದ ರೋಗಕ್ಕೆ ದಾರಿಯೊಂದು ತೆರೆಯಿತು. ಸುಬ್ಬರಾವ್ ಅದೇ ವರ್ಷ ತೀರಿಕೊಂಡರು. ಅಮಿನೊಪ್ಟರಿನ್‌ನ ಸಮೀಪಬಂಧುವಾದ ಮೆಥೊಟ್ರೆಕ್ಸೇಟ್ ಇಂದಿಗೂ ಬಳಕೆಯಲ್ಲಿದೆ.

ಈ ಮಾರ್ಗಕ್ಕೊಂದು ತೊಡಕುಂಟು. ಅಸ್ಥಿಮಜ್ಜೆಯ ಮತ್ತು ಬಾಯಿಯ ಒಳಪದರದ ಆರೋಗ್ಯವಂತ ಕೋಶಗಳೂ ವೇಗವಾಗಿ ವಿಭಜಿಸುವುದರಿಂದ ಅವೂ ಬಳಲುತ್ತವೆ. ಮೆಥೊಟ್ರೆಕ್ಸೇಟನ್ನು ಹೆಚ್ಚಿನ ಪ್ರಮಾಣದಲ್ಲಿ ಕೊಟ್ಟಾಗ, ನಿಗದಿತ ಅವಧಿಯ ಬಳಿಕ ಲ್ಯೂಕೊವೊರಿನ್ ಕೊಟ್ಟು ಅವುಗಳನ್ನು ಕಾಪಾಡುತ್ತಾರೆ. ಇದು ಫೋಲೇಟಿನ ಸಿದ್ಧರೂಪ. ತಡೆಗೊಂಡ ಕಿಣ್ವದ ನೆರವಿಲ್ಲದೆಯೇ ಕೆಲಸಕ್ಕೆ ಬರುತ್ತದೆ.

ಕಬ್ಬಿಣವೂ ಡಿಎನ್‌ಎ ರಚನೆಗೆ ಅಗತ್ಯವಾದ ಮತ್ತೊಂದು ಕಿಣ್ವದ ಅಂಗವಾಗಿದೆ. ಆದುದರಿಂದ ಕ್ಯಾನ್ಸರ್ ಕೋಶಕ್ಕೆ ಅದು ದೊರೆಯದಂತೆ ಮಾಡುವ ವಸ್ತುಗಳ ಅಧ್ಯಯನವೂ ನಡೆದಿದೆ.

ಇದರಿಂದ, ರೋಗಿಯು ಸೊಪ್ಪು ತರಕಾರಿಗಳನ್ನು ಬಿಟ್ಟು ಉಪವಾಸವಿರಬೇಕೆಂದು ಭಾವಿಸಬಾರದು. ಔಷಧಿಯು ತಡೆಯುವುದು ಕೋಶದೊಳಗಿನ ಒಂದು ನಿರ್ದಿಷ್ಟ ಕ್ರಿಯೆಯನ್ನು. ಆಹಾರ ತ್ಯಜಿಸಿದರೆ ಕುಗ್ಗುವುದು ಇಡೀ ದೇಹ. ಹಾಗೆಯೇ, ಶಕ್ತಿ ಬರಲೆಂದು ಜೀವಸತ್ವದ ಮಾತ್ರೆಗಳನ್ನು ತಾವಾಗಿಯೇ ನುಂಗುವುದೂ ತರವಲ್ಲ. ಎರಡನ್ನೂ ಚಿಕಿತ್ಸೆ ನೀಡುವ ವೈದ್ಯರೊಡನೆ ಕೇಳಿಯೇ ನಿರ್ಧರಿಸಬೇಕು.