ಸಾಲ್ಕಣಿಯ ಹುಡುಗರು ಮೊದಲು ಬರೆದದ್ದು ಅರ್ಜಿ

ಪ್ರೀತಿಯ ಮಗಳೇ,

ನಿಮ್ಮ ಸಂಘದವರೆಲ್ಲ ಸೇರಿ ಊರ ಕೆರೆಯ ಹೂಳೆತ್ತಿಸಲು ಹೊರಟಿದ್ದೀರೆಂದು ನಿನ್ನ ಕಾಗದದಲ್ಲಿ ಓದಿ ಜೀವ ತಂಪಾಯಿತು. ಆದರೆ ಕೊನೆಯಲ್ಲಿ 'ನಮ್ಮ ಮಾತು ಯಾರು ಕೇಳ್ತಾರೆ ಅತ್ತೆ' ಅಂದಿದ್ದೀಯಲ್ಲ, ಅದಕ್ಕೇ ಈ ಕಾಗದ.

ಶಿರಸಿ ತಾಲ್ಲೂಕಿನ ಸಾಲ್ಕಣಿಯ ಹುಡುಗರೂ ಹಾಗೆ ಅಂದುಕೊಂಡು ಕೂತಿದ್ದರೆ ಮರ ಉಳಿಸುವ 'ಅಪ್ಪಿಕೋ' ಚಳವಳಿ ಹುಟ್ಟುತ್ತಿರಲಿಲ್ಲ. ಕಾಡು ಬೋಳಾದಂತೆ ಝರಿಗಳು ಬತ್ತುತ್ತಿದ್ದವು, ಅಡಿಕೆ ತೋಟದ ಸೊಪ್ಪಿಗೂ ತತ್ವಾರ. ಊರಿನ ಯುವಕ ಮಂಡಳಿಯವರು ಮೊದಲು ಮರ ಕಡಿಯುವುದನ್ನು ನಿಲ್ಲಿಸಿ ಎಂದು ಅರಣ್ಯ ಇಲಾಖೆಗೆ ಬರೆದರು. ಕೊಡಲಿ ನಿಲ್ಲಲಿಲ್ಲ. 1983ರ ಸೆಪ್ಟೆಂಬರ್ 8ರಂದು ಹೆಂಗಸರು, ಮಕ್ಕಳ ಸಮೇತ ಕಾಡಿಗೆ ನಡೆದು ಮರಗಳನ್ನು ತಬ್ಬಿ ನಿಂತರು. ಮಲೆನಾಡಿನಲ್ಲಿ ಅದಿನ್ನೂ ಮಳೆಯ ತಿಂಗಳು, ಕಾಲಿಟ್ಟಲ್ಲೆಲ್ಲ ಉಂಬಳ. ಆ ಕಾವಲು 38 ದಿನ ನಡೆಯಿತು. ಮರ ತಬ್ಬಿದ್ದನ್ನು ಎಲ್ಲರೂ ಹೊಗಳುತ್ತಾರೆ. ನನಗೆ ದೊಡ್ಡದಾಗಿ ಕಾಣುವುದು ಮಾರನೆಯ ದಿನವೂ, ಅದರ ಮಾರನೆಯ ದಿನವೂ ಅವರು ಮತ್ತೆ ಹೋಗಿ ನಿಂತದ್ದು. ಪರಿಸರ ಹೋರಾಟಗಾರ ಪಾಂಡುರಂಗ ಹೆಗಡೆಯವರು ಆ ಚಳವಳಿಯನ್ನು ಊರೂರಿಗೆ ಒಯ್ದರು.

ಆ ಹುಡುಗರ ಕಾಲಕ್ಕಿಲ್ಲದ ಬಲ ನಿಮಗಿದೆ. 1993ರ ಪಂಚಾಯತ್ ರಾಜ್ ಕಾಯ್ದೆ ಬಂದಿದೆ. ಹದಿನೆಂಟು ತುಂಬಿ ಮತದಾರರ ಪಟ್ಟಿಯಲ್ಲಿ ಹೆಸರಿದ್ದರೆ ನೀನು ಗ್ರಾಮಸಭೆಯ ಸದಸ್ಯೆ, ಯಾರೂ ಕರೆಯಬೇಕಿಲ್ಲ. ಇಪ್ಪತ್ತೊಂದಕ್ಕೆ ಚುನಾವಣೆಗೇ ನಿಲ್ಲಬಹುದು, ನಿಲ್ಲು ಎಂದೇ ನನ್ನಾಸೆ. ಹೈಸ್ಕೂಲು ಹುಡುಗರಿಗೆ ಮಕ್ಕಳ ಗ್ರಾಮಸಭೆ ಇದೆ, ಅವರನ್ನೂ ಅಲ್ಲಿ ಮಾತಾಡಿಸಿ.

ಗ್ರಾಮಸಭೆಗೆ ಬರಿಗೈಲಿ ಹೋಗಬೇಡಿ. ಕೆರೆಯ ಸರ್ವೆ ನಂಬರು, ಒತ್ತುವರಿಯಾದ ಕಡೆ, ಮುಚ್ಚಿಹೋದ ಕಾಲುವೆಯ ಫೋಟೊ, ಎಲ್ಲ ಜೊತೆಗಿರಲಿ. ಅರ್ಜಿ ಎರಡು ಪ್ರತಿ ಮಾಡಿ, ಒಂದರ ಮೇಲೆ ತಾರೀಖಿನ ಸಮೇತ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. 'ಆಯ್ತು, ನೋಡೋಣ' ಅಂದರೆ ಎದ್ದು ಬರಬೇಡಿ. ಠರಾವು ನಡಾವಳಿ ಪುಸ್ತಕಕ್ಕೆ ಏರಿತೇ ಎಂದು ಓದಿ ನೋಡಿಯೇ ಬನ್ನಿ. ಬಾಯಿಮಾತಿನ ಭರವಸೆ ಮುಂದಿನ ಸಭೆಗೆ ಯಾರಿಗೂ ನೆನಪಿರುವುದಿಲ್ಲ.

ಹಿರಿಯರು ಹುಡುಗಾಟವೆಂದಾರು. ಜಗಳಕ್ಕೆ ನಿಲ್ಲದೆ ಅವರನ್ನು ಕೆರೆ ಏರಿಗೆ ಕರೆದೊಯ್ದು, ಹಿಂದೆ ನೀರು ಎಲ್ಲಿವರೆಗೆ ನಿಲ್ಲುತ್ತಿತ್ತು ಎಂದು ಕೇಳಿ. ಕೆರೆಯಂಚಿನ ಕೇರಿಯ ಹೆಂಗಸರನ್ನಂತೂ ಬಿಡಲೇಬೇಡಿ. ಬೇಸಿಗೆಯಲ್ಲಿ ದೂರದಿಂದ ನೀರು ಹೊರುವವರು ಅವರೇ.

ಅರ್ಜಿ ಬರೆದು ನನಗೊಂದು ಪ್ರತಿ ಕಳಿಸು. ಪಂಚಾಯಿತಿಯಿಂದ ಉತ್ತರ ಬಾರದಿದ್ದರೆ ನಾನೇ ಬರುತ್ತೇನೆ. ಹತ್ತು ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಡಿ ಕೇಳೋಣ, 30 ದಿನದೊಳಗೆ ಅವರು ಉತ್ತರಿಸಲೇಬೇಕು.

ನಿನ್ನ ಅತ್ತೆ