ಅಪ್ಪನ ಲೆಕ್ಕದಲ್ಲಿ ಎಲ್ಲರೂ ಇದ್ದರು

ಅಪ್ಪ ತೀರಿಕೊಂಡಾಗ ಮಾತಾಡಿಸಲು ಬಂದವರೆಲ್ಲ, ‘ಮನೀ ಮಂದಿಗಾಗಿ ಜೀವಾ ತೇಯ್ದ ಮನಷ್ಯಾ’ ಎಂದರು. ಮಾತು ನಿಜ. ಆದರೆ ನಮ್ಮ ಯಲಬುರ್ಗಾ, ಕುಷ್ಟಗಿ ಕಡೆ ಯಾವ ರೈತ ಹೋದರೂ ಇದೇ ಮಾತು ಹೇಳುತ್ತಾರೆ. ಜೀವ ತೇಯ್ದದ್ದು ಹೇಗೆ, ಯಾರಿಗಾಗಿ ಏನು ಬಿಟ್ಟುಕೊಟ್ಟ ಎಂಬುದನ್ನು ಬಿಡಿಸಿ ಹೇಳದಿದ್ದರೆ ಆ ಮನುಷ್ಯ ಎರಡು ತಲೆಮಾರೂ ಉಳಿಯುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ಯಲಬುರ್ಗಾ ತಾಲ್ಲೂಕಿನ ಎರಿ ಹೊಲ. ಮುಂಗಾರಿಗೆ ಒಂದಿಷ್ಟು ಹೆಸರು, ಹಿಂಗಾರಿಗೆ ಬಿಳಿಜೋಳ, ಕಡಲೆ. ಉತ್ತರಿ, ಹಸ್ತ ಮಳೆ ಹದವಾಗಿ ಬಿದ್ದರೆ ಕರಿ ಮಣ್ಣು ಆ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಆಮೇಲೆ ಹನಿ ಬೀಳದಿದ್ದರೂ ಅದೇ ಹಸಿಯಲ್ಲಿ, ಚಳಿಗಾಲದ ಇಬ್ಬನಿಯಲ್ಲಿ ಜೋಳ ತೆನೆಗೆ ಬರುತ್ತದೆ. ಆ ಮಳೆಗಳು ಕೈಕೊಟ್ಟವೋ, ಮನೆಗೆ ಬೀಗ ಜಡಿದು ಮಂಗಳೂರು, ಗೋವಾ, ಬೆಂಗಳೂರಿಗೆ ಗುಳೆ ಹೋಗುವ ಮಂದಿಯಿಂದ ಬಸ್ಸು ತುಂಬುತ್ತವೆ.

ನಾವು ಗುಳೆ ಹೋಗಲಿಲ್ಲ. ಅದು ಅದೃಷ್ಟವಲ್ಲ, ಅಪ್ಪನ ಲೆಕ್ಕ. ರಾಶಿ ಮನೆಗೆ ಬಂದ ದಿನ ಅವನ ಹಂಚಿಕೆ ಶುರು. ಮೊದಲು ಬೀಜದ ಜೋಳ. ಆಮೇಲೆ ಮನೆಯವರ ಊಟಕ್ಕೆ, ಈ ವರ್ಷದ್ದಷ್ಟೇ ಅಲ್ಲ, ಬರುವ ವರ್ಷದ್ದೂ. ನಂತರ ಬಡಿಗ್ಯಾರ, ಕಂಬಾರರ ಆಯ. ಕೊಪ್ಪಳದ ಗವಿಮಠದ ಜಾತ್ರೆಯ ದಾಸೋಹಕ್ಕೆ ಊರ ಪರವಾಗಿ ಹೋಗುವ ರೊಟ್ಟಿಗೆ ಒಂದು ಪಾಲು. ಇಷ್ಟಾಗಿ ಉಳಿದದ್ದು ಮಾತ್ರ ದಲಾಲಿ ಅಂಗಡಿಗೆ. ರೇಟು ಏರಿದಾಗ ಮಂದಿ ನಗುತ್ತಿದ್ದರು, ‘ರೊಕ್ಕ ಮನ್ಯಾಗ ಮುಚ್ಚಿಟ್ಟು ಕುಂತಾನ’ ಎಂದು. ಅಪ್ಪ ಕಾಳು ತುಂಬಿದ ಹಗೇವಿನ ಬಾಯಿ ತೆಗೆಯುತ್ತಿರಲಿಲ್ಲ.

ಈ ಹಟ ಬಂದದ್ದು 1972ರ ಬರದಿಂದ. ಆಗ ಅಪ್ಪನಿಗೆ ಮೀಸೆ ಚಿಗುರುವ ವಯಸ್ಸು. ತಂದೆ ಇಲ್ಲ, ಹಿಂದೆ ತಮ್ಮ, ತಂಗಿಯರು. ಬರಗಾಲದ ಕಾಮಗಾರಿಯಲ್ಲಿ ರಸ್ತೆಗೆ ಜಲ್ಲಿ ಒಡೆದು ಸಂಜೆಗೆ ತಂದದ್ದರಲ್ಲಿ ಅಂಬಲಿ ಆಗುತ್ತಿತ್ತು. ಮನೆಯ ಮೂಲೆಯಲ್ಲಿ ಬೂದಿ, ಬೇವಿನ ಸೊಪ್ಪು ಬೆರೆಸಿ, ಬಾಯಿಗೆ ಸಗಣಿ ಮೆತ್ತಿದ ಬೀಜದ ಗಡಿಗೆಗಳಿದ್ದವು. ಹಸಿದ ಮಕ್ಕಳು ಅವುಗಳತ್ತ ನೋಡುತ್ತಿದ್ದವಂತೆ. ನಮ್ಮಮ್ಮ, ಅಂದರೆ ಅಪ್ಪನ ತಾಯಿ, ‘ಅದು ನಮ್ಮದಲ್ಲ, ಭೂಮಿತಾಯಿದು’ ಎಂದು ಮುಟ್ಟಗೊಡಲಿಲ್ಲ. ಮರುವರ್ಷ ಮಳೆಯಾದಾಗ ಊರಿನಲ್ಲಿ ಅರ್ಧ ಮಂದಿ ಬೀಜಕ್ಕೆ ಸಾಲ ಎತ್ತಿದರು, ಇವರು ತಮ್ಮದನ್ನೇ ಬಿತ್ತಿದರು. ಅಪ್ಪ ಇದನ್ನು ದೊಡ್ಡಸ್ತಿಕೆಯಿಂದ ಹೇಳಿದ್ದು ನಾನು ಕೇಳಿಲ್ಲ. ಸುಗ್ಗಿಗೆ ಮುಂಚೆ ನಿಂತ ಬೆಳೆಯಲ್ಲಿ ನಡೆಯುತ್ತ, ಒಳ್ಳೆಯ ತೆನೆಗಳನ್ನು ಬೀಜಕ್ಕೆಂದು ಗುರುತು ಮಾಡುತ್ತ, ಪಕ್ಕದಲ್ಲಿದ್ದ ನಮಗೆ ಹೇಳುತ್ತಿದ್ದ, ಅಷ್ಟೆ.

ನನ್ನನ್ನು ಕೊಟ್ಟದ್ದು ಗಂಗಾವತಿ ಕಡೆಗೆ. ತುಂಗಭದ್ರಾ ಅಣೆಕಟ್ಟು 1953ರಲ್ಲಿ ಮುಗಿದು ಎಡದಂಡೆ ಕಾಲುವೆಗೆ ನೀರು ಹರಿದ ಮೇಲೆ ಅದು ಭತ್ತದ ನಾಡಾಯಿತು. ಯಲಬುರ್ಗಾ, ಕುಷ್ಟಗಿ ಅದೇ ಜಿಲ್ಲೆಯಲ್ಲಿದ್ದೂ ಒಣಗಿಯೇ ಉಳಿದವು. ಅಪ್ಪನಿಗೆ ಇದರ ಬಗ್ಗೆ ಹೊಟ್ಟೆಕಿಚ್ಚಿರಲಿಲ್ಲ, ಮಗಳು ನೀರಿರುವ ಊರು ಸೇರಿದಳೆಂಬ ಸಮಾಧಾನ ಇತ್ತು. 2024ರ ಆಗಸ್ಟ್‌ನಲ್ಲಿ ಅಣೆಕಟ್ಟಿನ 19ನೇ ಗೇಟು ಕೊಚ್ಚಿಹೋದಾಗ ತನ್ನ ಹೆಸರುಕಾಳಿನ ಒಕ್ಕಣೆಯ ನಡುವೆಯೂ ದಿನಾ ಫೋನು: ‘ಯವ್ವಾ, ಕಾಲಿವಿಗೆ ನೀರು ನಿಲ್ಲಿಸ್ತಾರೇನವಾ? ಸಸಿ ಒಣಗಂಗಿಲ್ಲಲ್ಲ?’ ವಾರದೊಳಗೆ ತಾತ್ಕಾಲಿಕ ಗೇಟು ಕೂಡಿಸಿದ ಸುದ್ದಿ ಬಂದ ಮೇಲೆಯೇ ಅವನ ದನಿ ಸಡಿಲಾದದ್ದು.

ಅಪ್ಪನಿಂದ ನಾನು ಕಲಿತದ್ದರಲ್ಲಿ ಎಲ್ಲಕ್ಕಿಂತ ದೊಡ್ಡದು ಹೊಲದ ಪಾಲಿನ ವಿಷಯ. ಅಜ್ಜನ ಕಾಲದ ನಮ್ಮ ಕಾಗದಗಳು ಉರ್ದುವಿನಲ್ಲಿವೆ. 1948ರ ತನಕ ಇದು ನಿಜಾಮರ ಸೀಮೆಯಲ್ಲವೆ? ಅಪ್ಪ ಬಲ್ಲವರಿಂದ ಅವನ್ನು ಓದಿಸಿ, ಕನ್ನಡದಲ್ಲಿ ಬರೆಸಿ, ಟ್ರಂಕಿನಲ್ಲಿ ಇಟ್ಟಿದ್ದ. ಮೈಯಲ್ಲಿ ಶಕ್ತಿ ಇರುವಾಗಲೇ ಪಾಲು ಮಾಡಲು ಹೊರಟ. ಕರ್ನಾಟಕದಲ್ಲಿ 1994ರಿಂದ, ದೇಶಕ್ಕೆಲ್ಲ 2005ರಿಂದ ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಎಂದು ಕಾನೂನಿದೆ. ರೂಢಿ ಬೇರೆ: ಅಕ್ಕತಂಗಿಯರಿಗೆ ಒಂದು ಸೀರೆ ಉಡಿಸಿ ಹಕ್ಕು ಬಿಟ್ಟ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುವುದು. ಹಿರಿಯರು ಅದನ್ನೇ ಸೂಚಿಸಿದರು. ಅಪ್ಪ ಅಂದ: ‘ಕೂರಿಗಿ ಹಿಂದ ನಡದು ಬಟ್ಟಲಕ್ಕ ಬೀಜಾ ಬಿಟ್ಟಾಕಿ ಇವರವ್ವ. ಆ ಹೊಲದಾಗ ಹೆಣ್ಮಕ್ಕಳ ಪಾಲಿಲ್ಲಂದ್ರ ಹ್ಯಾಂಗ್ರಿ?’

ಅವನು ನಡೆದುಕೊಂಡ ರೀತಿ ನನಗೆ ಇನ್ನೂ ದೊಡ್ಡದಾಗಿ ಕಾಣುತ್ತದೆ. ಮೊದಲು ಕಚೇರಿಗೆ ಹೋಗಲಿಲ್ಲ. ನನ್ನ ತಮ್ಮನನ್ನು, ಅವನ ಹೆಂಡತಿಯನ್ನು ಕೂಡಿಸಿಕೊಂಡು ಮಾತಾಡಿದ, ಅವರ ಅಳುಕು ಕೇಳಿದ, ಅವರು ಮನಸಾರೆ ಒಪ್ಪುವ ತನಕ ಒಂದು ಸುಗ್ಗಿ ಕಾದ. ನಂತರವೇ ನೋಂದಣಿ. ನಮ್ಮ ಪಾಲನ್ನು ಈಗ ತಮ್ಮನೇ ಉಳುತ್ತಾನೆ, ನನಗೂ ಅಕ್ಕನಿಗೂ ವರ್ಷದ ಜೋಳ ಕಳಿಸುತ್ತಾನೆ. ತವರಿಗೆ ಹೋದರೆ ಮುಖ ತಿರುವುವವರಿಲ್ಲ. ಕೋರ್ಟಿನ ಕಟ್ಟೆ ಹತ್ತಿ ಮಾತು ಬಿಟ್ಟ ಅಣ್ಣತಂಗಿಯರನ್ನು ನೋಡಿದಾಗಲೆಲ್ಲ ಅಪ್ಪ ಕಾದ ಆ ಸುಗ್ಗಿ ನೆನಪಾಗುತ್ತದೆ. ಸಂಸಾರಸ್ಥ ಎಂದರೆ ಇಂಥವನು ಎಂದು ನಾನು ತಿಳಿದಿದ್ದೇನೆ.

ಅವನ ಕೊನೆಯ ದಿನಗಳಲ್ಲಿ ಪಕ್ಕದಲ್ಲಿ ಕೂತು ಹೊಲದ ಸಂಗತಿಗಳನ್ನು ಕೇಳಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಯಾವ ಬದು ದೊಡ್ಡ ಮಳೆಗೆ ಒಡೆಯುತ್ತದೆ, ಯಾವ ಪಟ್ಟಿಯಲ್ಲಿ ಹಸಿ ಬೇಗ ಆರುತ್ತದೆ, ಕಡಲೆಗೆ ಯಾವುದು ಒಗ್ಗುವುದಿಲ್ಲ, ಅಕ್ಕಡಿ ಸಾಲಿಗೆ ಏನು ಹಾಕಬೇಕು. ಅದು ಈಗ ತಮ್ಮನ ಬಳಿ ಇದೆ. ಬಿತ್ತುವ ಮುಂಚೆ ತೆರೆದು ನೋಡುತ್ತಾನೆ.

ನಮ್ಮ ಕಡೆ ಸತ್ತು ಎಷ್ಟೋ ವರ್ಷವಾದ ಅಜ್ಜಂದಿರ ಹೆಸರಿನಲ್ಲೇ ಪಹಣಿ ನಿಂತ ಮನೆಗಳು ಇನ್ನೂ ಬಹಳ ಇವೆ. ನಿಮ್ಮದೂ ಹಾಗಿದ್ದರೆ ಪೌತಿ ಖಾತೆ ಮಾಡಿಸಿ, ಹೆಣ್ಣುಮಕ್ಕಳ ಹೆಸರು ಬಿಡಬೇಡಿ. ಬರುವ ಎಳ್ಳಮವಾಸ್ಯೆಗೆ ಚರಗ ಚೆಲ್ಲಲು ಹೊಲಕ್ಕೆ ಹೋದಾಗ, ಊಟವಾದ ಮೇಲೆ ಮನೆಯ ಹಿರಿಯರನ್ನು ಬದುವಿನ ಮೇಲೆ ಕೂಡಿಸಿಕೊಂಡು ಆ ಹೊಲದ ಕಥೆ ಕೇಳಿ. ಒಂದು ಪೆನ್ನು, ಒಂದು ನೋಟ್‌ಬುಕ್ ಜೊತೆಗಿರಲಿ.