ತಿಳಿನೀರೆಲ್ಲ ಶುದ್ಧ ನೀರಲ್ಲ: ಭಾರಲೋಹಗಳು ಮತ್ತು ಸಿಹಿನೀರಿನ ಪಾಚಿ

ಪೀಠಿಕೆ

ಕಾಸರಗೋಡಿನ ಅಡಿಕೆ ತೋಟಗಳ ನಡುವಿನ ಶಾಲೆಯಲ್ಲಿ ‘ತಾಮ್ರದ ಸಲ್ಫೇಟ್’ ಎಂದು ಕಪ್ಪುಹಲಗೆಯ ಮೇಲೆ ಬರೆದರೆ ಮಕ್ಕಳು ಸುಮ್ಮನಿರುತ್ತಾರೆ. ‘ಮೈಲುತುತ್ತು’ ಎಂದರೆ ಕೈಗಳು ಮೇಲೇಳುತ್ತವೆ. ಮಹಾಳಿ ರೋಗ ಬಾರದಂತೆ ಮದ್ದು ಬಿಡುವುದನ್ನು ಅವರು ಮನೆಯಲ್ಲಿ ಕಂಡಿದ್ದಾರೆ. ಆದುದರಿಂದ ಜಲಮಾಲಿನ್ಯದ ಪಾಠವನ್ನು ದೂರದ ಕಾರ್ಖಾನೆಯಿಂದಲ್ಲ, ಈ ನೀಲಿ ಹರಳಿನಿಂದಲೇ ಆರಂಭಿಸುವುದು ಉಚಿತ.

ವಿಷಯ ವಿವರಣೆ

ಕೆರೆಯ ಪಾಚಿಯನ್ನು ಮಕ್ಕಳು ಕೊಳೆಯೆಂದೇ ಭಾವಿಸುತ್ತಾರೆ. ವಾಸ್ತವದಲ್ಲಿ ಅದು ಬಿಸಿಲನ್ನು ಆಹಾರವಾಗಿಸಿ ನೀರಿಗೆ ಆಮ್ಲಜನಕವನ್ನು ಸೇರಿಸುತ್ತದೆ. ನೀರುಚಿಗಟ, ಗೊದಮೊಟ್ಟೆ, ಮೀನುಗಳ ಆಹಾರ ಸರಪಳಿಗೆ ಅದೇ ಮೊದಲ ಕೊಂಡಿ.

ತಾಮ್ರವು ಪಾಚಿಗೆ ಅತ್ಯಲ್ಪ ಪ್ರಮಾಣದಲ್ಲಿ ಅಗತ್ಯ. ದ್ಯುತಿಸಂಶ್ಲೇಷಣೆಯಲ್ಲಿ ಎಲೆಕ್ಟ್ರಾನುಗಳನ್ನು ಸಾಗಿಸುವ ಒಂದು ಪ್ರೋಟೀನಿನಲ್ಲಿ ಅದಿದೆ. ಪ್ರಮಾಣ ಮೀರಿದರೆ ಅದೇ ವಿಷ. ಸೀಸ ಮತ್ತು ಪಾದರಸಗಳಿಂದಲಾದರೋ ಜೀವಕೋಶಕ್ಕೆ ಯಾವ ಉಪಯೋಗವೂ ತಿಳಿದುಬಂದಿಲ್ಲ. ಹೆಚ್ಚಾದ ಲೋಹವು ಕಿಣ್ವಗಳಿಗೆ ಅಂಟಿಕೊಂಡು ಅವುಗಳ ಕೆಲಸವನ್ನು ತಡೆಯುತ್ತದೆ, ಪತ್ರಹರಿತ್ತಿನ ಮೆಗ್ನೀಸಿಯಮ್ಮಿನ ಸ್ಥಾನವನ್ನು ಆಕ್ರಮಿಸಬಲ್ಲದು, ಕೋಶಪೊರೆಯನ್ನು ಕೆಡಿಸುತ್ತದೆ. 1904ರಲ್ಲಿ ಅಮೆರಿಕದ ಮೂರ್ ಮತ್ತು ಕೆಲ್ಲರ್‌ಮನ್ ಎಂಬ ವಿಜ್ಞಾನಿಗಳು ನೀರಿನ ಆಸರೆಗಳಲ್ಲಿ ಪಾಚಿಯನ್ನು ನಾಶಗೊಳಿಸಲು ಮೈಲುತುತ್ತನ್ನು ಬಳಸುವ ವಿಧಾನವನ್ನು ಪ್ರಕಟಿಸಿದ್ದು ಈ ಗುಣವನ್ನು ಆಧರಿಸಿಯೇ.

ಎಲ್ಲ ಪಾಚಿಯೂ ಸಾಯುವುದಿಲ್ಲ. ಕೆಲವು ಲೋಹವನ್ನು ಕೋಶಭಿತ್ತಿಯಲ್ಲಿ ಹಿಡಿದಿಡುತ್ತವೆ. ಕೆಲವು ವಿಶೇಷ ಅಣುಗಳಿಂದ ಅದನ್ನು ಬಂಧಿಸುತ್ತವೆ. ಹೀಗೆ ಸೂಕ್ಷ್ಮ ಜಾತಿಗಳು ಅಳಿದು ಸಹಿಷ್ಣು ಜಾತಿಗಳು ಉಳಿಯುತ್ತವೆ. ಉಳಿದ ಪಾಚಿಯೊಡನೆ ಲೋಹವೂ ಅದನ್ನು ತಿನ್ನುವ ಜೀವಿಯ ದೇಹವನ್ನು ಸೇರುತ್ತದೆ. ಪಾದರಸವು ಮೀಥೈಲ್ ಪಾದರಸವಾದಾಗ ಸರಪಳಿಯ ಪ್ರತಿ ಮೆಟ್ಟಿಲಿನಲ್ಲೂ ಹೆಚ್ಚುತ್ತ ಹೋಗುತ್ತದೆ.

ಸುಣ್ಣದ ಪಾತ್ರ

ಶೇಕಡಾ 1ರ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ. ಕೃಷಿಕರು ಅದರಲ್ಲಿ ಉಜ್ಜಿದ ಕಬ್ಬಿಣದ ಚೂರಿಯನ್ನು ಅದ್ದಿ ನೋಡುತ್ತಾರೆ. ಕೆಂಪು ಲೇಪ ಕಂಡರೆ ಇನ್ನಷ್ಟು ಸುಣ್ಣ ಬೇಕು. ಆ ಕೆಂಪು, ಬಂಧನಕ್ಕೊಳಗಾಗದ ತಾಮ್ರದ ಗುರುತು. ಎಲೆಯನ್ನು ಸುಡುವುದೂ ಪಾಚಿಯೊಳಗೆ ಸುಲಭವಾಗಿ ನುಗ್ಗುವುದೂ ಈ ಬಿಡಿ ತಾಮ್ರವೇ. ಮುರಕಲ್ಲು ನೆಲದ ನೀರು ಸಾಮಾನ್ಯವಾಗಿ ಮೃದುವೂ ತುಸು ಆಮ್ಲೀಯವೂ ಆಗಿರುವುದರಿಂದ ಅಲ್ಲಿ ಎಚ್ಚರ ಹೆಚ್ಚು ಬೇಕು.

ಚಟುವಟಿಕೆ

1. ಕೆರೆಯ ಹಸಿರು ನೀರನ್ನು 3 ಗಾಜಿನ ಬಾಟಲಿಗಳಲ್ಲಿ 1 ಲೀಟರಿನಂತೆ ತುಂಬಿರಿ.
2. 1 ಲೀಟರ್ ಶುದ್ಧ ನೀರಿನಲ್ಲಿ 1 ಗ್ರಾಂ ಮೈಲುತುತ್ತನ್ನು ಶಿಕ್ಷಕರೇ ಕರಗಿಸಬೇಕು.
3. ಮೊದಲನೆಯ ಬಾಟಲಿಗೆ ಏನೂ ಬೇಡ. ಎರಡನೆಯದಕ್ಕೆ 1 ಮಿಲಿಲೀಟರ್, ಮೂರನೆಯದಕ್ಕೆ 5 ಮಿಲಿಲೀಟರ್ ದ್ರಾವಣವನ್ನು ಸೇರಿಸಿರಿ.
4. ಬೆಳಕಿರುವ ಕಿಟಕಿಯ ಬಳಿ ಒಂದು ವಾರವಿಟ್ಟು, ಬಣ್ಣವನ್ನೂ ಗುಳ್ಳೆಗಳನ್ನೂ ದಿನವೂ ದಾಖಲಿಸಿರಿ.

ಎರಡನೆಯ ಬಾಟಲಿಯಲ್ಲಿರುವ ತಾಮ್ರ ಲೀಟರಿಗೆ ಸುಮಾರು 0.25 ಮಿಲಿಗ್ರಾಂ ಮಾತ್ರ. ಫಲಿತಾಂಶ ನೀರಿನ ಗುಣವನ್ನು ಅವಲಂಬಿಸಿ ಬದಲಾಗಬಹುದು. ಪ್ರಯೋಗದ ನೀರನ್ನು ಕೆರೆಗಾಗಲಿ ತೋಡಿಗಾಗಲಿ ಚೆಲ್ಲಬಾರದು. ಅಗಲವಾದ ಪಾತ್ರೆಯಲ್ಲಿ ಆರಲು ಬಿಟ್ಟು, ಉಳಿದುದನ್ನು ಪ್ರಯೋಗಾಲಯದ ತ್ಯಾಜ್ಯದೊಡನೆ ಇಡಬೇಕು.

ಚರ್ಚೆ

‘ಯಾವ ಬಾಟಲಿಯ ನೀರು ಒಳ್ಳೆಯದು?’ ಎಂದು ಮೊದಲ ದಿನವೇ ಕೇಳಿ, ಉತ್ತರಗಳನ್ನು ಬರೆದಿಡಿರಿ; ವಾರದ ಬಳಿಕ ಮತ್ತೆ ಕೇಳಿರಿ. ಹಸಿರು ಮಾಸಿ ತಿಳಿಯಾದ ನೀರು ಜೀವವನ್ನು ಕಳೆದುಕೊಂಡ ನೀರೂ ಆಗಿರಬಹುದೆಂಬುದನ್ನು ಮಕ್ಕಳೇ ಕಂಡುಕೊಳ್ಳಲಿ.

ಒಂದು ವಿಷಯವನ್ನು ಮಾತ್ರ ಮರೆಯದಿರೋಣ. ಮದ್ದು ಬಿಡದಿದ್ದರೆ ವರ್ಷದ ಬೆಳೆಯೇ ಉದುರಿಹೋಗುವ ಮನೆಗಳಿಂದ ಬಂದ ಮಕ್ಕಳಿವರು. ಪಾಠವು ಅವರ ಹಿರಿಯರನ್ನು ತಪ್ಪಿತಸ್ಥರನ್ನಾಗಿ ನಿಲ್ಲಿಸಬಾರದು. ಸುಣ್ಣದ ಅಳತೆ ತಪ್ಪದಿರಲಿ, ಮದ್ದಿನ ಡ್ರಮ್ಮನ್ನು ಕೆರೆಯ ದಂಡೆಯಲ್ಲಿ ತೊಳೆಯದಿರಲಿ. ಮಗು ಈ ಎರಡು ಮಾತುಗಳನ್ನು ಕಾರಣಸಹಿತ ಮನೆಯಲ್ಲಿ ಹೇಳಬಲ್ಲದಾದರೆ ಪಾಠದ ಉದ್ದೇಶ ಈಡೇರಿದಂತೆ.